ಕೆಳಗಿನ ಪಟ್ಟಿಯಲ್ಲಿ ಬ್ರ್ಯಾಂಚ್ ಹೆಸರು: ನನ್ನ ಅನುಭವ

ಅವತ್ತು ಗುರುವಾರ. ಮಾರತ್‌ಹಳ್ಳಿ ಹತ್ತಿರದ ಆಫೀಸಿನಿಂದ ಮನೆಗೆ ಹೊರಡೋಣ ಅಂತ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ. ಹೊರಗೆ ಜೋರು ಮಳೆ. ರಿಂಗ್ ರೋಡಿನಲ್ಲಿ ಗಾಡಿಗಳು ಅಲ್ಲಾಡುತ್ತಿರಲಿಲ್ಲ. ಟೆಸ್ಟಿಂಗ್ ಟೀಮಿನ ಹುಡುಗಿ ಬಂದು, ‘ಅಕ್ಕಾ, ರಿಲೀಸ್ ಬಿಲ್ಡ್‌ನಲ್ಲಿ ಡಿಸ್ಕೌಂಟ್ ಬಟನ್ ಕಾಣಿಸ್ತಿದೆ. ಅದು ಮುಂದಿನ ತಿಂಗಳಿಗೆ ಅಲ್ವಾ?’ ಅಂದಳು. ರಿಲೀಸ್ ಬಿಲ್ಡ್ ಅಂದರೆ ಗ್ರಾಹಕರಿಗೆ ಹೋಗಲು ಸಿದ್ಧವಾಗುವ ಪ್ರೋಗ್ರಾಮ್. ಎದೆ ಧಸಕ್ಕಂತು. ಆ ಬಟನ್ ಬರೆಯುತ್ತಿದ್ದವಳು ನಾನೇ. ಕೆಲಸ ಇನ್ನೂ ಅರ್ಧ ಆಗಿತ್ತಷ್ಟೇ.

ಆದದ್ದು ಇಷ್ಟು. ನಮ್ಮ ಕೋಡಿನ ಬದಲಾವಣೆಗಳ ಲೆಕ್ಕ ಇಡುವುದು ಗಿಟ್ ಅನ್ನುವ ಪ್ರೋಗ್ರಾಮ್. ಅದರಲ್ಲಿ ಒಂದೇ ಕೋಡಿಗೆ ಬೇರೆ ಬೇರೆ ಕವಲುಗಳಿರುತ್ತವೆ, ಅವೇ ಬ್ರ್ಯಾಂಚ್‌ಗಳು. ಊಟಕ್ಕೆ ಮುಂಚೆ ಹಳೆಯ ದೂರೊಂದನ್ನು ನೋಡಲು ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ರಿಲೀಸ್ ಬ್ರ್ಯಾಂಚ್‌ಗೆ ಹೋಗಿದ್ದೆ. ಊಟ ಮುಗಿಸಿ ಬಂದು, ವಾಪಸ್ ಬರುವುದನ್ನು ಮರೆತು, ಡಿಸ್ಕೌಂಟ್ ಕೆಲಸ ಮುಂದುವರಿಸಿದೆ. ಬೆಳಗ್ಗೆ ಬರೆದ ಕೋಡ್ ಎಲ್ಲಾ ಕಣ್ಣ ಮುಂದೆಯೇ ಇತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ಗಿಟ್ ಗೊತ್ತಿದ್ದವರಿಗೂ ಇದು ಒಮ್ಮೊಮ್ಮೆ ಮರೆತುಹೋಗುತ್ತದೆ: ಕಮಿಟ್ ಮಾಡದ, ಅಂದರೆ ಗಿಟ್‌ನಲ್ಲಿ ಇನ್ನೂ ದಾಖಲಿಸದ ಬದಲಾವಣೆಗಳು ಬ್ರ್ಯಾಂಚ್ ಬದಲಿಸಿದಾಗ ನಮ್ಮ ಹಿಂದೆಯೇ ಬರುತ್ತವೆ. ಆ ಫೈಲುಗಳು ಎರಡೂ ಬ್ರ್ಯಾಂಚ್‌ನಲ್ಲಿ ಒಂದೇ ಥರ ಇದ್ದರೆ ಗಿಟ್ ತಡೆಯುವುದಿಲ್ಲ. ಸಂಜೆ ಐದಕ್ಕೆ ಕಮಿಟ್ ಮಾಡಿದೆ, ಪುಶ್ ಮಾಡಿ ಎಲ್ಲರೂ ಬಳಸುವ ಸರ್ವರ್‌ಗೆ ಕಳಿಸಿದೆ. ರಿಲೀಸ್ ಬ್ರ್ಯಾಂಚ್‌ಗೆ ಏನೇ ಪುಶ್ ಆದರೂ ನಮ್ಮಲ್ಲಿ ಬಿಲ್ಡ್ ತಾನಾಗಿ ಹೊರಡುತ್ತದೆ. ಎಲ್ಲವನ್ನೂ ಸರಿಮಾಡಿ, ಹೊಸ ಬಿಲ್ಡ್ ಬಂದು, ಆ ಹುಡುಗಿ ‘ಈಗ ಸರಿಯಾಯ್ತು’ ಅನ್ನುವಷ್ಟರಲ್ಲಿ ರಾತ್ರಿ ಹತ್ತು. ಅವಳೂ ನನ್ನ ಜೊತೆ ಕೂತಿದ್ದಳು. ಅವಳ ಸಂಜೆ ಹಾಳಾಯಿತಲ್ಲ ಅನ್ನುವುದೇ ನನಗೆ ಜಾಸ್ತಿ ಬೇಜಾರಾದ ವಿಷಯ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬ್ರ್ಯಾಂಚ್ ಹೆಸರು ನನಗೆ ಎಲ್ಲೂ ಕಾಣಲಿಲ್ಲವಾ? ಕಂಡಿತ್ತು. ಟರ್ಮಿನಲ್‌ನ ಪ್ರಾಂಪ್ಟ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಸಾಲಿನ ಶುರುವಿನಲ್ಲಿ, ಹೆಸರು ಬರುವ ಹಾಗೆ ವರ್ಷಗಳ ಹಿಂದೆಯೇ ಮಾಡಿಕೊಂಡಿದ್ದೆ. ಆದರೆ ನಾನು ಕೋಡ್ ಬರೆಯುವ ಎಡಿಟರ್ ವಿಮ್ ತೆರೆದ ಮೇಲೆ ಪ್ರಾಂಪ್ಟ್ ಅದರ ಹಿಂದೆ ಮುಚ್ಚಿಹೋಗುತ್ತದೆ. ಕಮಿಟ್ ಸಂದೇಶ ಬರೆಯುವ ಪರದೆಯಲ್ಲಿ ‘ಆನ್ ಬ್ರ್ಯಾಂಚ್’ ಅಂತ ಒಂದು ಸಾಲು ಇರುತ್ತದೆ. ನಾನು ಸಂದೇಶವನ್ನು ಕಮಾಂಡ್ ಜೊತೆಗೇ ಕೊಟ್ಟುಬಿಡುವವಳು, ಆ ಪರದೆ ನನಗೆ ಬರುವುದೇ ಇಲ್ಲ. ಕಮಿಟ್ ಆದಮೇಲೆ ಬರುವ ಸಾಲಿನ ಶುರುವಿನಲ್ಲೇ ಚೌಕ ಬ್ರ್ಯಾಕೆಟ್ ಒಳಗೆ ಹೆಸರು ಇರುತ್ತದೆ. ಅಷ್ಟು ಹೊತ್ತಿಗೆ ಕಣ್ಣು ಮುಂದಿನ ಕೆಲಸಕ್ಕೆ ಹೋಗಿರುತ್ತದೆ. ದಿನದ ಆರೇಳು ಗಂಟೆ ನನ್ನ ಕಣ್ಣು ಇರುವುದು ಎಡಿಟರ್ ಮೇಲೆ. ಹೆಸರು ಇರಬೇಕಾದದ್ದೂ ಅಲ್ಲೇ.

ವಿಮ್‌ನಲ್ಲಿ ಪ್ರತಿ ಕಿಟಕಿಯ ಕೆಳಗೂ ಒಂದು ಪಟ್ಟಿ ಇರುತ್ತದೆ, ಅದೇ ಸ್ಟೇಟಸ್‌ಲೈನ್. ಒಂದೇ ಕಿಟಕಿ ಇದ್ದಾಗಲೂ ಅದು ಕಾಣಬೇಕೆಂದರೆ ‘ಲಾಸ್ಟ್‌ಸ್ಟೇಟಸ್’ ಅನ್ನುವ ಸೆಟ್ಟಿಂಗನ್ನು 2 ಮಾಡಬೇಕು. ಪಟ್ಟಿಯಲ್ಲಿ ಏನು ಬರಬೇಕು ಅನ್ನುವುದನ್ನು ನಾವೇ ಬರೆದುಕೊಳ್ಳಬಹುದು: ಫೈಲ್ ಹೆಸರು, ಸಾಲಿನ ನಂಬರ್, ಫೈಲ್ ಬದಲಾಗಿದೆಯಾ ಇಲ್ಲವಾ ಅಂತೆಲ್ಲ. ಪರ್ಸೆಂಟ್ ಗುರುತು ಹಾಕಿ ಕರ್ಲಿ ಬ್ರ್ಯಾಕೆಟ್ ಒಳಗೆ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಹೆಸರು ಕೊಟ್ಟರೆ, ಆ ಫಂಕ್ಷನ್ ಏನು ವಾಪಸ್ ಕೊಡುತ್ತದೋ ಅದು ಪಟ್ಟಿಯಲ್ಲಿ ಕಾಣಿಸುತ್ತದೆ. ಮಾರನೇ ದಿನ ಬೆಳಗ್ಗೆ ಹತ್ತೇ ನಿಮಿಷದಲ್ಲಿ ಒಂದು ಫಂಕ್ಷನ್ ಬರೆದೆ. ಈಗಿನ ಬ್ರ್ಯಾಂಚ್ ಹೇಳುವ ‘ಗಿಟ್ ಬ್ರ್ಯಾಂಚ್ --ಶೋ-ಕರೆಂಟ್’ ಓಡಿಸು, ಬಂದ ಹೆಸರನ್ನು ಕೊಡು, ಅಷ್ಟೇ. ಈ ಕಮಾಂಡ್ 2019ರಲ್ಲಿ ಬಂದ ಗಿಟ್ 2.22ರಿಂದ ಇದೆ. ಹೆಸರು ಬಂತು, ಖುಷಿಯಾಯಿತು.

ಖುಷಿ ಅರ್ಧ ಗಂಟೆಯೂ ಉಳಿಯಲಿಲ್ಲ. ಕೆಳಬಾಣದ ಕೀ ಒತ್ತಿ ಹಿಡಿದರೆ ಕರ್ಸರ್ ತಡವರಿಸುತ್ತಿತ್ತು. ದೊಡ್ಡ ಫೈಲಿನಲ್ಲಿ ಕೀ ಬಿಟ್ಟ ಮೇಲೂ ಒಂದಷ್ಟು ಸಾಲು ತಾನೇ ಓಡುತ್ತಿತ್ತು. ಕಾರಣ ಸುಲಭ. ಪಟ್ಟಿಯನ್ನು ಮತ್ತೆ ಬರೆಯಬೇಕಾದಾಗಲೆಲ್ಲ ವಿಮ್ ಆ ಫಂಕ್ಷನ್ನನ್ನು ಕರೆಯುತ್ತದೆ. ನನ್ನ ಪಟ್ಟಿಯಲ್ಲಿ ಸಾಲಿನ ನಂಬರ್ ಇತ್ತು. ಅಂದರೆ ಕರ್ಸರ್ ಒಂದು ಸಾಲು ಸರಿದರೆ ಪಟ್ಟಿ ಹೊಸದಾಗಬೇಕು, ಪಟ್ಟಿ ಹೊಸದಾದರೆ ಹಿಂದೆ ಒಂದು ಗಿಟ್ ಪ್ರೋಗ್ರಾಮ್ ಶುರುವಾಗಿ ಮುಗಿಯಬೇಕು. ಮೂರು ಕಿಟಕಿ ತೆರೆದಿದ್ದರೆ ಕೆಲಸ ಇನ್ನೂ ಜಾಸ್ತಿ. ಸ್ಟೇಟಸ್‌ಲೈನ್ ಫಂಕ್ಷನ್ ಒಳಗಿಂದ ಹೊರಗಿನ ಪ್ರೋಗ್ರಾಮ್ ಕರೆಯಬಾರದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಒಂದು ಬೆಳಗ್ಗೆ ಉಳಿಯುತ್ತಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ನಮ್ಮಲ್ಲಿ ಎರಡು ರೆಪೊ, ಅಂದರೆ ಗಿಟ್ ನೋಡಿಕೊಳ್ಳುವ ಎರಡು ಕೋಡ್ ಫೋಲ್ಡರ್ ಇವೆ. ಒಂದು ಬಿಲ್ಲಿಂಗ್‌ನದು, ಇನ್ನೊಂದು ಎಲ್ಲರೂ ಬಳಸುವ ಲೈಬ್ರರಿಯದು. ಬಿಲ್ಲಿಂಗ್ ಫೋಲ್ಡರ್‌ನಲ್ಲಿ ವಿಮ್ ಶುರುಮಾಡಿ, ಅಲ್ಲಿಂದಲೇ ಲೈಬ್ರರಿಯ ಫೈಲ್ ತೆರೆದೆ. ಪಟ್ಟಿಯಲ್ಲಿ ಬಿಲ್ಲಿಂಗ್‌ನ ಬ್ರ್ಯಾಂಚ್ ಹೆಸರೇ ಇತ್ತು. ಗಿಟ್ ಓಡುತ್ತಿದ್ದದ್ದು ವಿಮ್ ನಿಂತಿರುವ ಫೋಲ್ಡರ್‌ನಲ್ಲಿ. ನನ್ನ ಮುಂದಿರುವ ಫೈಲ್ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಆಗಲೇ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿ ಬಂತು. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ನಾನು ಹೋಗಿ ಕೇಳಿಕೊಳ್ಳುತ್ತೇನೆ. ತಪ್ಪು ಹೆಸರು ಇದ್ದರೆ ಅದನ್ನೇ ನಂಬಿ ಕಮಿಟ್ ಮಾಡುತ್ತೇನೆ. ಆಮೇಲೆ ನಾನು ಮಾಡಿದ್ದೆಲ್ಲ ಈ ಒಂದು ಮಾತನ್ನು ಇಟ್ಟುಕೊಂಡೇ.

ಹಾಗಾದರೆ ಹೆಸರು ನಿಜವಾಗಿ ಎಲ್ಲಿದೆ? ರೆಪೊದ ಡಾಟ್ ಗಿಟ್ ಫೋಲ್ಡರ್ ಒಳಗೆ ಹೆಡ್ ಅನ್ನುವ ಪುಟ್ಟ ಫೈಲ್ ಇದೆ. ತೆರೆದು ನೋಡಿದರೆ ಒಂದೇ ಸಾಲು, ‘ರೆಫ್: ರೆಫ್ಸ್/ಹೆಡ್ಸ್/ಮೇನ್’ ಅಂತ. ಮೊದಲಿನ ‘ರೆಫ್: ರೆಫ್ಸ್/ಹೆಡ್ಸ್/’ ಭಾಗ ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗ ಸೇರಿ, ಸರಿಯಾಗಿ 16 ಅಕ್ಷರ. ಅದನ್ನು ತೆಗೆದರೆ ಉಳಿಯುವುದೇ ಬ್ರ್ಯಾಂಚ್ ಹೆಸರು. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ಗಿಟ್ ಬರೆಯಲು ಶುರುಮಾಡಿದರು. ಅಂದಿನಿಂದ ಇಷ್ಟೊಂದು ಬೆಳೆದಿರುವ ಸಾಮಾನಿನ ಹೊಟ್ಟೆಯಲ್ಲಿ, ‘ನೀನು ಈಗ ಎಲ್ಲಿದ್ದೀಯ’ ಅನ್ನುವ ಉತ್ತರ ಯಾರು ಬೇಕಾದರೂ ಓದಬಹುದಾದ ಒಂದು ಸಾಲಿನಲ್ಲಿದೆ. ನನಗೆ ಅದು ತುಂಬಾ ಇಷ್ಟವಾಯಿತು. ಈ ಸಾಲು ಓದಲು ಗಿಟ್ ಪ್ರೋಗ್ರಾಮ್ ಬೇಡ. ವಿಮ್‌ನಲ್ಲಿ ಫೈಲ್ ಓದುವ ‘ರೀಡ್‌ಫೈಲ್’ ಫಂಕ್ಷನ್ ಇದೆ, ಒಂದೇ ಸಾಲು ಸಾಕು ಅಂದರೆ ಒಂದೇ ಕೊಡುತ್ತದೆ.

ಕಮಿಟ್ ಮಾಡಿದಾಗ ಹೆಡ್ ಫೈಲಿನ ಸಾಲು ಬದಲಾಗುವುದಿಲ್ಲ. ಬ್ರ್ಯಾಂಚ್ ಬದಲಿಸಿದಾಗ ಮಾತ್ರ ಬದಲಾಗುತ್ತದೆ. ಹೀಗಾಗಿ ಓದಿದ ಹೆಸರನ್ನು ಪ್ರತಿ ಬಫರ್‌ಗೂ (ವಿಮ್‌ನಲ್ಲಿ ತೆರೆದಿರುವ ಫೈಲ್) ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಪಟ್ಟಿಗೆ ಅದನ್ನಷ್ಟೇ ಕೊಟ್ಟರೆ ಸಾಕು. ಇಲ್ಲಿ ವಿಮ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಯಾವ ಕಿಟಕಿಯ ಪಟ್ಟಿ ಬರೆಯುತ್ತಿದೆಯೋ, ಫಂಕ್ಷನ್ ಓಡುವ ಹೊತ್ತಿಗೆ ಆ ಕಿಟಕಿಯ ಬಫರನ್ನೇ ಸದ್ಯದ ಬಫರ್ ಅಂತ ಮಾಡಿಕೊಂಡಿರುತ್ತದೆ. ಎಡಗಡೆ ಬಿಲ್ಲಿಂಗ್, ಬಲಗಡೆ ಲೈಬ್ರರಿ ತೆರೆದಿದ್ದರೆ ಎರಡರ ಕೆಳಗೂ ಅವರವರ ಹೆಸರು. ಕರ್ಸರ್ ತಡವರಿಸುವುದೂ ನಿಂತಿತು.

ಇಟ್ಟುಕೊಂಡ ಹೆಸರನ್ನು ಹೊಸದು ಮಾಡುವುದು ಯಾವಾಗ? ನಾನು ಎಡವಿದ್ದು ಇಲ್ಲೇ. ಬಫರ್‌ಗೆ ಬಂದಾಗ ಓದು ಅಂತ ‘ಬಫ್‌ಎಂಟರ್’ ಘಟನೆಗೆ ಕಟ್ಟಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಪಕ್ಕದ ಟರ್ಮಿನಲ್‌ನಲ್ಲಿ ಬ್ರ್ಯಾಂಚ್ ಬದಲಿಸಿ ವಿಮ್‌ಗೆ ಬಂದರೆ ಹಳೆಯ ಹೆಸರೇ ಕೂತಿತ್ತು. ವಿಮ್ ಲೆಕ್ಕದಲ್ಲಿ ನಾನು ಆ ಬಫರ್ ಬಿಟ್ಟು ಹೋಗಿಯೇ ಇರಲಿಲ್ಲ, ಹಾಗಾಗಿ ಹೊಸದಾಗಿ ಓದಲಿಲ್ಲ. ಮೊದಲ ದಿನದ ಎಡವಟ್ಟು ಮತ್ತೆ ಆಗಲು ಇಷ್ಟೇ ಸಾಕಿತ್ತು. ಈ ಸಲ ಪಟ್ಟಿಯೇ ನನಗೆ ಸುಳ್ಳು ಹೇಳುತ್ತಿತ್ತು.

ಪರಿಹಾರ ‘ಫೋಕಸ್‌ಗೇನ್ಡ್’ ಅನ್ನುವ ಘಟನೆ. ಬೇರೆ ಕಿಟಕಿಯಿಂದ ವಿಮ್‌ಗೆ ವಾಪಸ್ ಬಂದಾಗ ಇದು ಏಳುತ್ತದೆ. ನಾನು ಟೀಮಕ್ಸ್ ಒಳಗೆ, ಅಂದರೆ ಒಂದೇ ಟರ್ಮಿನಲ್ಲನ್ನು ಹಲವು ಭಾಗ ಮಾಡಿಕೊಡುವ ಪ್ರೋಗ್ರಾಮ್ ಒಳಗೆ ಕೆಲಸ ಮಾಡುವವಳು. ಅಲ್ಲಿ ‘ಫೋಕಸ್-ಈವೆಂಟ್ಸ್’ ಆನ್ ಮಾಡದಿದ್ದರೆ ಈ ಸುದ್ದಿ ವಿಮ್ ತನಕ ಬರುವುದೇ ಇಲ್ಲ. ಇದು ಗೊತ್ತಾಗದೆ ಒಂದು ಸಂಜೆ ಪೂರ್ತಿ ನನ್ನ ಕೋಡನ್ನೇ ಬೈದುಕೊಂಡು ಕೂತಿದ್ದೆ. ವಿಮ್ ಒಳಗಿಂದಲೇ ಆಶ್ಚರ್ಯ ಚಿಹ್ನೆ ಹಾಕಿ ಗಿಟ್ ಕಮಾಂಡ್ ಓಡಿಸುವವರಿಗೆ ‘ಶೆಲ್‌ಕಮಾಂಡ್‌ಪೋಸ್ಟ್’ ಅಂತ ಬೇರೆ ಘಟನೆ ಇದೆ, ಅದಕ್ಕೂ ಕಟ್ಟಿದೆ. ಇವೆರಡೂ ತಪ್ಪಿದರೆ ಅಂತ ‘ಕರ್ಸರ್‌ಹೋಲ್ಡ್’ಗೂ ಕಟ್ಟಿದ್ದೇನೆ. ಕೀ ಒತ್ತದೆ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಅದು ಏಳುತ್ತದೆ. ನಾವು ಬದಲಿಸದಿದ್ದರೆ ಆ ಹೊತ್ತು 4000 ಮಿಲಿಸೆಕೆಂಡ್, ಅಂದರೆ ನಾಲ್ಕು ಸೆಕೆಂಡ್. ಜೊತೆಗೆ, ಫೈಲ್ ಹೊರಗೆ ಬದಲಾಗಿದೆಯಾ ಅಂತ ನೋಡುವ ‘ಚೆಕ್‌ಟೈಮ್’ ಅನ್ನೂ ಅಲ್ಲೇ ಓಡಿಸಿ. ಬ್ರ್ಯಾಂಚ್ ಬದಲಾದರೆ ಡಿಸ್ಕ್ ಮೇಲಿನ ಫೈಲೂ ಬದಲಾಗಿರಬಹುದು. ಹೊಸ ಹೆಸರಿನ ಮೇಲೆ ಹಳೆಯ ಕೋಡ್ ಕಾಣಿಸುತ್ತಿದ್ದರೆ ಅದೂ ತಪ್ಪು ದಾರಿಯೇ ಅಲ್ವಾ?

ಮುಂದಿನದು ವರ್ಕ್‌ಟ್ರೀ. ಒಂದೇ ರೆಪೊದ ಎರಡು ಬ್ರ್ಯಾಂಚ್‌ಗಳನ್ನು ಎರಡು ಫೋಲ್ಡರ್‌ಗಳಲ್ಲಿ ಒಟ್ಟಿಗೆ ತೆರೆದಿಡುವ ಸೌಲಭ್ಯ ಇದು. 2015ರಲ್ಲಿ ಗಿಟ್ 2.5ರ ಜೊತೆ ಬಂತು. ಆ ಗುರುವಾರದ ನಂತರ ನಾನು ರಿಲೀಸ್ ಬ್ರ್ಯಾಂಚ್ ಅನ್ನು ಬೇರೆ ವರ್ಕ್‌ಟ್ರೀಯಲ್ಲೇ ಇಟ್ಟುಕೊಂಡೆ, ಓಡಾಟವೇ ಬೇಡ ಅಂತ. ಆ ಫೋಲ್ಡರ್ ಅನ್ನು ಮೂಲ ರೆಪೊದ ಒಳಗೇ ಮಾಡಿದ್ದೆ. ಅಲ್ಲಿನ ಫೈಲ್ ತೆರೆದರೆ ಪಟ್ಟಿಯಲ್ಲಿ ಬಂದದ್ದು ಮೂಲ ರೆಪೊದ ಫೀಚರ್ ಬ್ರ್ಯಾಂಚ್ ಹೆಸರು. ಫೋಲ್ಡರ್ ಹೆಸರು ರಿಲೀಸ್, ಪಟ್ಟಿ ಹೇಳುವುದು ಫೀಚರ್. ಕೈ ಕೀಬೋರ್ಡ್ ಮೇಲೆಯೇ ನಿಂತುಬಿಟ್ಟಿತು.

ಯಾಕೆ ಅಂದರೆ, ಡಾಟ್ ಗಿಟ್ ಅನ್ನು ಹುಡುಕಲು ನಾನು ವಿಮ್‌ನ ‘ಫೈಂಡ್‌ಡಿರ್’ ಬಳಸಿದ್ದೆ. ಅದು ಇರುವ ಜಾಗದಿಂದ ಮೇಲಕ್ಕೆ ಮೇಲಕ್ಕೆ ಹೋಗುತ್ತಾ ಆ ಹೆಸರಿನ ಫೋಲ್ಡರ್ ಹುಡುಕುತ್ತದೆ. ವರ್ಕ್‌ಟ್ರೀಯಲ್ಲಿ ಡಾಟ್ ಗಿಟ್ ಫೋಲ್ಡರ್ ಅಲ್ಲ, ಫೈಲ್! ಅದರೊಳಗೆ ‘ಗಿಟ್‌ಡಿರ್:’ ಅಂತ ಶುರುವಾಗಿ ಒಂದು ದಾರಿ ಬರೆದಿರುತ್ತದೆ. ಆ ದಾರಿ ಮೂಲ ರೆಪೊದ ಡಾಟ್ ಗಿಟ್ ಒಳಗಿನ ‘ವರ್ಕ್‌ಟ್ರೀಸ್’ ಫೋಲ್ಡರ್‌ಗೆ ಹೋಗುತ್ತದೆ. ಈ ವರ್ಕ್‌ಟ್ರೀಯ ಸ್ವಂತ ಹೆಡ್ ಇರುವುದು ಅಲ್ಲಿ. ಫೋಲ್ಡರ್ ಮಾತ್ರ ಹುಡುಕುವ ನನ್ನ ಫಂಕ್ಷನ್ ಆ ಫೈಲನ್ನು ದಾಟಿ ಮೇಲೆ ಹೋಗಿ, ಮೂಲ ರೆಪೊದ ಹೆಡ್ ಓದಿಕೊಂಡು ಬಂದಿತ್ತು. ಈಗ ನಾನೇ ಒಂದೊಂದು ಮೆಟ್ಟಿಲು ಹತ್ತುತ್ತೇನೆ. ಪ್ರತಿ ಫೋಲ್ಡರ್‌ನಲ್ಲೂ ಡಾಟ್ ಗಿಟ್ ಫೋಲ್ಡರ್ ಇದೆಯಾ, ಇಲ್ಲದಿದ್ದರೆ ಆ ಹೆಸರಿನ ಫೈಲ್ ಇದೆಯಾ ಅಂತ ಎರಡನ್ನೂ ಕೇಳಿ, ಮೊದಲು ಸಿಕ್ಕಿದ ಕಡೆ ನಿಲ್ಲುತ್ತೇನೆ. ಸಬ್‌ಮಾಡ್ಯೂಲ್‌ನಲ್ಲೂ (ರೆಪೊ ಒಳಗೆ ಇಟ್ಟ ಇನ್ನೊಂದು ರೆಪೊ) ಡಾಟ್ ಗಿಟ್ ಒಂದು ಫೈಲೇ. ಅಲ್ಲಿ ದಾರಿ ಎರಡು ಚುಕ್ಕಿಯಿಂದ ಶುರುವಾಗಿರಬಹುದು, ಹಾಗಿದ್ದರೆ ಆ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕಬೇಕು.

ಹೆಡ್‌ನಲ್ಲಿ ಯಾವಾಗಲೂ ಹೆಸರೇ ಇರುತ್ತದೆ ಅಂತಲ್ಲ. ಹಳೆಯ ಕಮಿಟ್ ಒಂದಕ್ಕೆ ನೇರವಾಗಿ ಹೋದರೆ ಅಲ್ಲಿ ಬರುವುದು 40 ಅಕ್ಷರದ ಕಮಿಟ್ ನಂಬರ್. ಡಿಟ್ಯಾಚ್ಡ್ ಹೆಡ್ ಅಂತ ಗಿಟ್ ಎಚ್ಚರಿಸುವುದು ಇದಕ್ಕೇ. ಆಗ ಮೊದಲ ಏಳು ಅಕ್ಷರವನ್ನು ಬ್ರ್ಯಾಕೆಟ್ ಒಳಗೆ ತೋರಿಸುತ್ತೇನೆ, ಹೆಸರಿನ ಥರ ಕಾಣಬಾರದು ಅಂತ. ರೀಬೇಸ್ ಅಂದರೆ ನಮ್ಮ ಕಮಿಟ್‌ಗಳನ್ನು ಇನ್ನೊಂದು ಬ್ರ್ಯಾಂಚ್‌ನ ಮೇಲೆ ಒಂದೊಂದಾಗಿ ಮತ್ತೆ ಕೂರಿಸುವುದು. ಅದರ ನಡುವೆ ಕಾನ್‌ಫ್ಲಿಕ್ಟ್ ಬಂದು, ಅಂದರೆ ಬದಲಾವಣೆಗಳು ಒಂದಕ್ಕೊಂದು ಹೊಂದದೆ ನಿಂತಾಗಲೂ ಹೆಡ್‌ನಲ್ಲಿ ನಂಬರ್ರೇ ಇರುತ್ತದೆ. ಆದರೆ ಆಗ ನನಗೆ ಬೇಕಾದದ್ದು ಯಾವ ಬ್ರ್ಯಾಂಚ್‌ನ ರೀಬೇಸ್ ಇದು ಅಂತ. ಡಾಟ್ ಗಿಟ್ ಒಳಗೆ ‘ರೀಬೇಸ್-ಮರ್ಜ್’ ಅನ್ನುವ ಫೋಲ್ಡರ್ ಎದ್ದಿರುತ್ತದೆ, ಅದರಲ್ಲಿ ‘ಹೆಡ್-ನೇಮ್’ ಫೈಲಿನಲ್ಲಿ ಬ್ರ್ಯಾಂಚ್ ಹೆಸರು, ಇನ್ನೆರಡು ಫೈಲುಗಳಲ್ಲಿ ಎಷ್ಟನೇ ಕಮಿಟ್, ಒಟ್ಟು ಎಷ್ಟು ಅನ್ನುವ ಲೆಕ್ಕ. ಗಿಟ್ ಜೊತೆ ಬರುವ ಪ್ರಾಂಪ್ಟ್ ಸ್ಕ್ರಿಪ್ಟ್ ಕೂಡ ಇದನ್ನೇ ಓದುತ್ತದೆ, ನಾನು ಕಲಿತದ್ದೂ ಅದರಿಂದಲೇ. ಈಗ ನನ್ನ ಪಟ್ಟಿ ‘ರೀಬೇಸ್ 2/5’ ಅಂತ ಹೆಸರಿನ ಪಕ್ಕ ತೋರಿಸುತ್ತದೆ. ರೀಬೇಸ್ ಮಧ್ಯೆ ಯಾರಾದರೂ ಕರೆದು, ಎದ್ದು ಹೋಗಿ, ಒಂದು ಗಂಟೆ ಬಿಟ್ಟು ಬಂದವರಿಗೆ ಇದರ ಬೆಲೆ ಗೊತ್ತು.

ಹೆಸರು ನಿಜವಾದದ್ದು ಬಂತು. ಆದರೆ ಪಟ್ಟಿಯಲ್ಲಿ ಜಾಗ ಸಾಲಲಿಲ್ಲ. ನಮ್ಮ ಟೀಮಿನ ಬ್ರ್ಯಾಂಚ್ ಹೆಸರುಗಳು ಉದ್ದುದ್ದ: ಫೀಚರ್, ಓರೆಗೆರೆ, ಬಿಲ್ಲಿಂಗ್, ಓರೆಗೆರೆ, ಟಿಕೆಟ್ ನಂಬರ್, ಆಮೇಲೆ ಐದಾರು ಪದಗಳ ವಿವರಣೆ. ಕಿಟಕಿಯನ್ನು ಎರಡು ಭಾಗ ಮಾಡಿದರೆ ಹೆಸರೇ ಅರ್ಧ ಪಟ್ಟಿ ನುಂಗುತ್ತಿತ್ತು. ಮೊದಲ 20 ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದೆ. ಆಗ ಬಿಲ್ಲಿಂಗ್‌ನ ಎಲ್ಲಾ ಬ್ರ್ಯಾಂಚ್‌ಗಳೂ ಪಟ್ಟಿಯಲ್ಲಿ ಒಂದೇ ಥರ ಕಾಣತೊಡಗಿದವು.

ರಿಂಗ್ ರೋಡಿನಲ್ಲಿ ಬಸ್ಸಿಗೆ ಕಾಯುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 500 ಅಂತ ಶುರುವಾಗುವ ಬಿಎಂಟಿಸಿ ಬಸ್ಸುಗಳು ಎಷ್ಟೋ ಇವೆ. ಹೆಬ್ಬಾಳ, ಸಿಲ್ಕ್ ಬೋರ್ಡ್ ನಡುವೆ ಓಡುವುದು 500ಡಿ. ನಾನು ಕೆ.ಆರ್.ಪುರ ಮೆಟ್ರೊಗೆ ಹೋಗಲು ಹಿಡಿಯುವುದು ಅದನ್ನೇ. ದೂರದಿಂದ ಬಸ್ಸು ಬರುವಾಗ ಯಾರೂ ಐನೂರನ್ನು ನೋಡುವುದಿಲ್ಲ, ಕಣ್ಣು ಹುಡುಕುವುದು ಕೊನೆಯ ಅಕ್ಷರವನ್ನು. ಡಿ ಕಾಣದಿದ್ದರೆ ಐನೂರು ಕಂಡೂ ಪ್ರಯೋಜನ ಇಲ್ಲ. ಬ್ರ್ಯಾಂಚ್ ಹೆಸರೂ ಹಾಗೇ, ಬೇರೆ ಬೇರೆ ಅಂತ ಗೊತ್ತಾಗುವುದು ಬಾಲದಿಂದ. ನಾನು ಕತ್ತರಿಸುತ್ತಿದ್ದದ್ದು ಆ ಬಾಲವನ್ನೇ.

ಹಾಗಂತ ತಲೆ ಪೂರ್ತಿ ಕತ್ತರಿಸಿದರೆ ರಿಲೀಸಾ ಫೀಚರ್ರಾ ಅಂತ ತಿಳಿಯುವುದಿಲ್ಲ. ವಿಮ್‌ನಲ್ಲಿ ‘ಪಾತ್‌ಶಾರ್ಟನ್’ ಅಂತ ಒಂದು ಫಂಕ್ಷನ್ ಇದೆ. ಉದ್ದದ ಫೈಲ್ ದಾರಿಯಲ್ಲಿ ಫೋಲ್ಡರ್ ಹೆಸರುಗಳನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿ ಕೊನೆಯದನ್ನು ಪೂರ್ತಿ ಉಳಿಸುತ್ತದೆ. ಬ್ರ್ಯಾಂಚ್ ಹೆಸರಿನಲ್ಲೂ ಓರೆಗೆರೆ ಇದೆಯಲ್ಲ, ಅದಕ್ಕೂ ಇದನ್ನೇ ಹಚ್ಚಿದೆ. ‘ಫೀಚರ್/ಬಿಲ್ಲಿಂಗ್’ ಹೋಗಿ ಒಂದಕ್ಷರ, ಓರೆಗೆರೆ, ಒಂದಕ್ಷರ ಆಯಿತು. ಟಿಕೆಟ್ ನಂಬರ್, ವಿವರಣೆ ಹಾಗೇ ಉಳಿದವು. ಆಮೇಲೂ ಉದ್ದ ಅನ್ನಿಸಿದರೆ ವಿವರಣೆಯ ನಡುವಿನ ಪದಗಳನ್ನು ಬಿಡುತ್ತೇನೆ, ನಂಬರ್ ಮತ್ತು ಕೊನೆಯ ಪದ ಬಿಡುವುದಿಲ್ಲ.

ಅಡ್ಡಗೆರೆ ಇದ್ದ ಕಡೆ ಮಾತ್ರ ಕತ್ತರಿಸಬೇಕು ಅನ್ನುವುದು ಗೊತ್ತಾದದ್ದು ದಾವಣಗೆರೆ ಕಡೆಯ ಒಬ್ಬ ಹುಡುಗನಿಂದ. ಟೀಮಿಗೆ ಹೊಸಬ. ಕನ್ನಡದಲ್ಲಿ ರಸೀದಿ ಬರುವ ಕೆಲಸ ಅವನಿಗೆ ಸಿಕ್ಕಿತ್ತು. ‘ಅಕ್ಕಾ, ಬ್ರ್ಯಾಂಚ್ ಹೆಸರೂ ಕನ್ನಡದಲ್ಲೇ ಇಡಬಹುದಾ?’ ಅಂದ. ಇಡಬಹುದು. ಖಾಲಿ ಜಾಗ, ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ ಇಂಥವನ್ನು ಗಿಟ್ ಬೇಡ ಅನ್ನುತ್ತದೆ, ಕನ್ನಡವನ್ನು ಬೇಡ ಅನ್ನುವುದಿಲ್ಲ. ಅವನು ‘ಕನ್ನಡ-ರಸೀದಿ’ ಅಂತ ಇಟ್ಟ. ಅದನ್ನು ನಾನು ನನ್ನ ಮಷೀನಿಗೆ ತಂದುಕೊಂಡೆ. ಪಟ್ಟಿಯಲ್ಲಿ ಹೆಸರಿನ ಶುರುವಿನಲ್ಲಿ ಅರ್ಥವಿಲ್ಲದ ಗುರುತು.

ಕೂತು ಎಣಿಸಿದೆವು. ‘ಕನ್ನಡ’ ಅಂದರೆ ನಮಗೆ ಮೂರು ಅಕ್ಷರ. ಯುನಿಕೋಡ್‌ಗೆ ಐದು: ಕ, ನ, ವಿರಾಮ (ಒತ್ತಕ್ಷರ ಕೂಡಿಸುವ, ಅರ್ಧಾಕ್ಷರದ ಗುರುತು), ಮತ್ತೆ ನ, ಡ. ಯುನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್, ಹಾಗಾಗಿ 15. ಅಡ್ಡಗೆರೆಗೆ ಒಂದು. ‘ರಸೀದಿ’ಗೂ ಐದು ಗುರುತು, 15 ಬೈಟ್. ಒಟ್ಟು 31. ಆಗ ನಾನು ಉದ್ದದ ಹೆಸರಿನಲ್ಲಿ ಬಾಲ ಉಳಿಯಲಿ ಅಂತ ಕೊನೆಯ 20ನ್ನು ಉಳಿಸುತ್ತಿದ್ದೆ, ಬಳಸುತ್ತಿದ್ದ ‘ಸ್ಟ್ರ್‌ಪಾರ್ಟ್’ ಎಣಿಸುವುದು ಬೈಟನ್ನು. ಮೊದಲ 11 ಬೈಟ್ ಹೋದವು. ಅಂದರೆ ಕತ್ತರಿ ಬಿದ್ದದ್ದು ಎರಡನೇ ‘ನ’ದ ಹೊಟ್ಟೆಗೆ. ಬೈಟ್ ಬದಲು ಯುನಿಕೋಡ್ ಗುರುತು ಎಣಿಸುವ ‘ಸ್ಟ್ರ್‌ಚಾರ್‌ಪಾರ್ಟ್’ ಹಾಕಿ ನೋಡಿದೆವು. ಕಸ ಹೋಯಿತು, ಆದರೆ ಒಂಬತ್ತು ಗುರುತು ಉಳಿಸಿ ಅಂದರೆ ಹೆಸರು ವಿರಾಮದಿಂದಲೇ ಶುರುವಾಗುತ್ತದೆ, ಹಿಂದಿನ ‘ನ’ ಇಲ್ಲದೆ. ಒತ್ತಕ್ಷರದ ನಡುವೆ ಎಲ್ಲಿ ಕಡಿದರೂ ಅದು ಕನ್ನಡ ಆಗಿ ಉಳಿಯುವುದಿಲ್ಲ. ಪದದ ಗಡಿಯಲ್ಲಿ, ಅಂದರೆ ಓರೆಗೆರೆ ಅಥವಾ ಅಡ್ಡಗೆರೆ ಇದ್ದ ಕಡೆ ಮಾತ್ರ ಕತ್ತರಿಸಿದರೆ ಈ ತಲೆನೋವೇ ಇಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಈಗಲೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಅದು ಬೇರೆ ಕಥೆ. ಆದರೂ ‘ಕನ್ನಡ-ರಸೀದಿ’ ಪಟ್ಟಿಯಲ್ಲಿ ಪೂರ್ತಿ ಕಂಡಾಗ ನಮ್ಮಿಬ್ಬರಿಗೂ ಆದ ಸಂತೋಷ ಸಣ್ಣದಲ್ಲ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಹೆಸರು ‘ರಿಲೀಸ್’ ಅಥವಾ ‘ಹಾಟ್‌ಫಿಕ್ಸ್’ ಅಂತ ಶುರುವಾದರೆ ಕೆಂಪು ಹಿನ್ನೆಲೆ, ಬಿಳಿ ಅಕ್ಷರ. ಉಳಿದದ್ದಕ್ಕೆ ಮಾಮೂಲಿ ಬಣ್ಣ. ಪಟ್ಟಿಯಲ್ಲಿ ಎರಡು ಜಾಗ ಇಟ್ಟಿದ್ದೇನೆ, ಒಂದಕ್ಕೆ ಕೆಂಪು, ಒಂದಕ್ಕೆ ಮಾಮೂಲಿ. ಎರಡು ಫಂಕ್ಷನ್‌ಗಳಲ್ಲಿ ಒಂದು ಹೆಸರು ಕೊಟ್ಟರೆ ಇನ್ನೊಂದು ಖಾಲಿ ಕೊಡುತ್ತದೆ. ಓದದಿದ್ದರೂ ಕಣ್ಣಂಚಿಗೆ ಕೆಂಪು ತಾಗುತ್ತದೆ.

ಇಷ್ಟೆಲ್ಲಾ ಮಾಡುವ ಬದಲು ಬೇರೆಯವರು ಬರೆದಿಟ್ಟ ಪ್ಲಗಿನ್ ಹಾಕಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಖಂಡಿತ ಹಾಕಬಹುದು. ಟಿಮ್ ಪೋಪ್ ಅವರ ಫ್ಯುಜಿಟಿವ್ ಇದ್ದರೆ ಅದರ ‘ಫ್ಯುಜಿಟಿವ್‌ಸ್ಟೇಟಸ್‌ಲೈನ್’ ಕರೆದರೆ ಆಯಿತು. ವಿಮ್‌ನಿಂದಲೇ ಹುಟ್ಟಿದ ನಿಯೋವಿಮ್‌ನಲ್ಲಿ ಗಿಟ್‌ಸೈನ್ಸ್ ಪ್ಲಗಿನ್ ಬಳಸುವವರಿಗೆ ಹೆಸರು ಬಫರ್ ವೇರಿಯಬಲ್‌ನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ನಾನು ದಿನವೂ ಹತ್ತಾರು ಸರ್ವರ್‌ಗಳಿಗೆ ಹೋಗುವವಳು, ಅಲ್ಲಿ ಪ್ಲಗಿನ್ ಹಾಕಲು ಅನುಮತಿ ಇಲ್ಲ, ವಿಮ್‌ನ ಸೆಟ್ಟಿಂಗ್‌ಗಳಿರುವ ಒಂದು ವಿಮ್‌ಆರ್‌ಸಿ ಫೈಲ್ ಮಾತ್ರ ಒಯ್ಯಬಹುದು. ಅದಕ್ಕೇ ಸ್ವಂತದ್ದು.

ಟೀಮಿನಲ್ಲಿ ಎಲ್ಲರೂ ವಿಮ್ ಬಳಸುವುದಿಲ್ಲ. ಎದುರು ಸೀಟಿನ ಹಿರಿಯರೊಬ್ಬರು ಈಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರ್‌ನವರು. ಅವರ ಮೋಡ್‌ಲೈನ್‌ನಲ್ಲಿ (ಅಲ್ಲಿನ ಕೆಳಪಟ್ಟಿ) ಬ್ರ್ಯಾಂಚ್ ಹೆಸರು ತಾನಾಗಿಯೇ ಬರುತ್ತದೆ. ‘ಗಿಟ್’ ಆದಮೇಲೆ ಅಡ್ಡಗೆರೆ ಇದ್ದರೆ ಫೈಲ್ ಬದಲಾಗಿಲ್ಲ, ಕೋಲನ್ ಇದ್ದರೆ ಬದಲಾಗಿದೆ. ಇಷ್ಟು ವರ್ಷ ನೋಡಿದ್ದರೂ ಆ ಗುರುತಿನ ಅರ್ಥ ಅವರು ಗಮನಿಸಿರಲಿಲ್ಲವಂತೆ. ನನ್ನ ಹಳೆಯ ಹೆಸರಿನ ಕಥೆ ಕೇಳಿ, ‘ನಂದೂ ಅದೇ ಗೋಳು ಕಣಮ್ಮ, ಹೊರಗಡೆ ಬ್ರ್ಯಾಂಚ್ ಬದಲಿಸಿದ್ರೆ ಇಲ್ಲಿ ಹಳೇದೇ ಇರುತ್ತೆ’ ಅಂದರು. ಈಮ್ಯಾಕ್ಸ್‌ನಲ್ಲಿ ‘ಆಟೊ-ರಿವರ್ಟ್-ಚೆಕ್-ವಿಸಿ-ಇನ್‌ಫೊ’ ಅನ್ನುವ ಸೆಟ್ಟಿಂಗ್ ಇದೆ. ಆಟೊ-ರಿವರ್ಟ್ ಜೊತೆ ಅದನ್ನು ಆನ್ ಮಾಡಿದರೆ ಆಗಾಗ ತಾನೇ ನೋಡಿಕೊಳ್ಳುತ್ತದೆ. ಹಾಕಿಕೊಟ್ಟೆ. ದಾವಣಗೆರೆ ಹುಡುಗನದು ವಿಎಸ್ ಕೋಡ್. ಅವನಿಗೆ ಕೆಳಗೆ ಎಡಗಡೆ ಮೂಲೆಯಲ್ಲೇ ಹೆಸರಿದೆ, ಪಕ್ಕದಲ್ಲಿ ನಕ್ಷತ್ರ ಇದ್ದರೆ ಕಮಿಟ್ ಆಗದ ಬದಲಾವಣೆ ಇದೆ ಅಂತ ಅರ್ಥ. ಅದರ ಮೇಲೆ ಒತ್ತಿದರೆ ಬ್ರ್ಯಾಂಚ್ ಬದಲಿಸಲೂಬಹುದು. ಕಣ್ಣು ಮೂಲೆಗೆ ಹೋಗಲ್ಲ ಅಂದಿದ್ದಕ್ಕೆ ಕಿಟಕಿಯ ತಲೆಪಟ್ಟಿಗೆ ಹೆಸರು ಬರುವ ಹಾಗೆ ಮಾಡಿಕೊಟ್ಟೆ.

ಕೊನೆಯ ತಿದ್ದುಪಡಿ ಮೆಟ್ರೊದಲ್ಲಿ ಆಯಿತು. ಕೆ.ಆರ್.ಪುರದಿಂದ ವಿಜಯನಗರದ ತನಕ ಸೀಟ್ ಸಿಕ್ಕರೆ ನಾನು ಲ್ಯಾಪ್‌ಟಾಪ್ ತೆರೆಯುವುದುಂಟು. ಸುರಂಗದಲ್ಲಿ ನೆಟ್ ಹೋದರೂ ಬ್ರ್ಯಾಂಚ್ ಹೆಸರಿಗೆ ನೆಟ್ ಬೇಡ, ಎಲ್ಲಾ ನಮ್ಮ ಡಿಸ್ಕ್‌ನಲ್ಲೇ ಇದೆ. ಅವತ್ತು ಸುಮ್ನೆ ಪ್ರಯೋಗಕ್ಕೆ ಅಂತ ಹೊಸ ರೆಪೊ ಒಂದನ್ನು ರೆಫ್‌ಟೇಬಲ್ ಬಗೆಯಲ್ಲಿ ಮಾಡಿದ್ದೆ. 2024ರಲ್ಲಿ ಗಿಟ್ 2.45 ತಂದ ಬಗೆ ಅದು. ಬ್ರ್ಯಾಂಚ್‌ಗಳ ಲೆಕ್ಕವನ್ನೆಲ್ಲ ಬಿಡಿ ಬಿಡಿ ಫೈಲುಗಳ ಬದಲು ಬೇರೆ ರೀತಿಯ ಫೈಲಿನಲ್ಲಿ ಒಟ್ಟಿಗೆ ಇಡುತ್ತದೆ. ಅಲ್ಲಿ ಫೈಲ್ ತೆರೆದರೆ ಪಟ್ಟಿಯಲ್ಲಿ ಪ್ರಶ್ನೆ ಚಿಹ್ನೆ.

ಆ ಚಿಹ್ನೆ ನಾನೇ ಇಟ್ಟದ್ದು. ವರ್ಕ್‌ಟ್ರೀ ಗಲಾಟೆ ಆದಮೇಲೆ ಫಂಕ್ಷನ್ ಕೊನೆಗೆ ಒಂದು ಸಾಲು ಸೇರಿಸಿದ್ದೆ: ಓದಿದ್ದು ಸರಿಯಾದ ಬ್ರ್ಯಾಂಚ್ ಹೆಸರಿನ ಹಾಗೆ ಇಲ್ಲದಿದ್ದರೆ ಊಹೆ ಮಾಡಬೇಡ, ಪ್ರಶ್ನೆ ಚಿಹ್ನೆ ತೋರಿಸು. ಹೆಡ್ ತೆರೆದು ನೋಡಿದೆ. ಹೆಸರಿನ ಜಾಗದಲ್ಲಿ ಚುಕ್ಕಿ ಹಾಕಿ ‘ಇನ್‌ವ್ಯಾಲಿಡ್’ ಅಂತ ಬರೆದಿತ್ತು. ಗಿಟ್‌ನಲ್ಲಿ ಬ್ರ್ಯಾಂಚ್ ಹೆಸರು ಚುಕ್ಕಿಯಿಂದ ಶುರುವಾಗುವಂತಿಲ್ಲ. ರೆಫ್‌ಟೇಬಲ್ ಇರುವ ಕಡೆ ಹೆಡ್ ಫೈಲ್ ಸುಮ್ನೆ ಜಾಗ ಹಿಡಿದುಕೊಂಡಿರುತ್ತದೆ, ನಿಜವಾದ ಹೆಸರು ಟೇಬಲ್ ಒಳಗಿದೆ. ಅದನ್ನು ಗಿಟ್‌ನನ್ನೇ ಕೇಳಬೇಕು. ಹಾಗೆ ಚುಕ್ಕಿ ಸಿಕ್ಕಿದಾಗ ಮಾತ್ರ ಗಿಟ್ ಅನ್ನು ಆ ಫೈಲಿನ ಫೋಲ್ಡರ್‌ನಲ್ಲಿ ಓಡಿಸಿ ಹೆಸರು ಕೇಳು ಅಂತ ನಾಲ್ಕು ಸಾಲು ಬರೆದೆ. ಅದೂ ಪಟ್ಟಿ ಬರೆಯುವಾಗ ಅಲ್ಲ, ಹೆಸರು ಹೊಸದು ಮಾಡುವ ಆ ಘಟನೆಗಳಲ್ಲಿ ಮಾತ್ರ. ಮೆಜೆಸ್ಟಿಕ್‌ನಲ್ಲಿ ಅರ್ಧ ಬೋಗಿ ಇಳಿದು ಅಷ್ಟೇ ಜನ ಹತ್ತಿದರು. ಸೇವ್ ಮಾಡಿ ಫೈಲ್ ಮತ್ತೆ ತೆರೆದೆ. ಪ್ರಶ್ನೆ ಚಿಹ್ನೆ ಹೋಗಿ ಆ ಜಾಗದಲ್ಲಿ ‘ಮೇನ್’ ಬಂತು. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ, ವಿಜಯನಗರ ಬರುತ್ತಿತ್ತು.